ಹಚ್ಚುವ ಎಣ್ಣೆ ಮದ್ದಲ್ಲ ಎಂದುಕೊಂಡಿದ್ದೆವು

ಆ ಎಣ್ಣೆಯ ಸೀಸೆಗಳನ್ನು ಮನೆಗೆ ತಂದವರು ಯಾರು ಎಂಬ ವಿಷಯದಲ್ಲಿ ನನ್ನ ನೆನಪಿಗೂ ನನ್ನ ದಿನಚರಿಗೂ ತಾಳೆಯಾಗುವುದಿಲ್ಲ. ನೆನಪಿನ ಪ್ರಕಾರ ಅದನ್ನು ಕೊಟ್ಟದ್ದು ಶಾಲೆಯ ಸಹೋದ್ಯೋಗಿಯೊಬ್ಬರು. ನಾನು ಬೇಡವೆಂದರೂ ಒತ್ತಾಯ ಮಾಡಿ ಚೀಲಕ್ಕೆ ಹಾಕಿದ್ದರು. ದಿನಚರಿಯಲ್ಲಿ ನನ್ನದೇ ಅಕ್ಷರದಲ್ಲಿ ಇರುವುದು ಇಷ್ಟು: "ಊಟಿ. ಮಕ್ಕಳಿಗೆ ಚಳಿ. ಎಣ್ಣೆ ಅಂಗಡಿಯಲ್ಲಿ ನೀಲಗಿರಿ ಎರಡು, ವಿಂಟರ್‌ಗ್ರೀನ್ ನಾಲ್ಕು. ಅಮ್ಮನ ಮೊಣಗಂಟಿಗೆ." ನಾನು ಬ್ರಹ್ಮಾವರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ಬರೆದಿಟ್ಟದ್ದೂ ತಪ್ಪಬಹುದು, ನೆನಪಿಟ್ಟದ್ದೂ ತಪ್ಪಬಹುದು ಎಂದು ಮಕ್ಕಳಿಗೆ ಹೇಳುವುದುಂಟು. ಆದರೆ ನೆನಪು ತಪ್ಪುವಾಗ ಹೆಚ್ಚಾಗಿ ನಮಗೆ ಅನುಕೂಲವಾದ ಕಡೆಗೇ ತಪ್ಪುತ್ತದೆ. ಆದ್ದರಿಂದ ಇಲ್ಲಿ ದಿನಚರಿಯ ಮಾತನ್ನೇ ಒಪ್ಪುತ್ತೇನೆ. ಶಾಲೆಯ ಪ್ರವಾಸಕ್ಕೆ ಹೋದಾಗ ತಂದದ್ದು ನಾನೇ.

ನಮ್ಮ ಮನೆ ಕುಂದಾಪುರದ ಅಂಚಿನ ಕೋಡಿಯಲ್ಲಿ; ಅಮ್ಮ, ನಾನು, ನನ್ನ ಗಂಡ. ಅಮ್ಮ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ಬಾಗಿಲಿನಿಂದ ಮೂರನೆಯ ಜಾಗ ಅವಳದು; ಅವಳಿಗಿಂತ ಮೊದಲು ಅಲ್ಲಿ ಅಜ್ಜಿ ಕೂರುತ್ತಿದ್ದಳು. ಆ ಜಾಗಕ್ಕೆ ಕಾಗದಪತ್ರ ಯಾವುದೂ ಇಲ್ಲ. ದಿನಾ ಬಂದು ಕೂತರೆ ಕೂತವರದು, ತಿಂಗಳುಗಟ್ಟಲೆ ಬಾರದಿದ್ದರೆ ಬುಟ್ಟಿ ತಂದಿಟ್ಟವರದು. ಏಳು ವರ್ಷಗಳ ಹಿಂದೆ ಹೃದಯದ ಕವಾಟ ಬದಲಾಯಿಸಿದಾಗ, ಎಚ್ಚರವಾದ ಮೇಲೆ ಅಮ್ಮ ಮೊದಲು ಕೇಳಿದ್ದು ಆ ಜಾಗದ ಸುದ್ದಿಯನ್ನೇ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಿಜಕ್ಕೂ ಮೊದಲು ಕೇಳಿದ್ದು ನೀರು ಇರಬೇಕು. ಎರಡನೆಯದಂತೂ ಜಾಗವೇ.

ಹೊಸ ಕವಾಟ ಲೋಹದ್ದು. ಅದಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳಬಾರದು ಎಂದು ಅಮ್ಮ ದಿನಾ ಸಂಜೆ ಒಂದು ಮಾತ್ರೆ ನುಂಗಬೇಕು. ಮಾತ್ರೆಯ ಕೆಲಸ ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು. ಅದನ್ನು ನೋಡಲು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಪರೀಕ್ಷೆಯಲ್ಲಿ ಬರುವ ಸಂಖ್ಯೆ ಎರಡೂವರೆಯಿಂದ ಮೂರೂವರೆಯ ನಡುವೆ ಇದ್ದರೆ ಕ್ಷೇಮ. ಅದಕ್ಕಿಂತ ಇಳಿದರೆ ರಕ್ತ ಹೆಪ್ಪುಗಟ್ಟುವ ಭಯ, ಏರಿದರೆ ಸುಮ್ಮಸುಮ್ಮನೆ ಸೋರುವ ಭಯ. ಈ ಸಂಖ್ಯೆಯನ್ನು ನಾನು ದಿನಚರಿಯ ಕೊನೆಯ ಪುಟದಲ್ಲಿ ಬರೆದಿಡುತ್ತೇನೆ. ಏಳು ವರ್ಷಗಳ ಕೊನೆಯ ಪುಟಗಳನ್ನು ಒಟ್ಟಿಗೆ ಇಟ್ಟರೆ ಅಮ್ಮನ ಆರೋಗ್ಯದ ಚರಿತ್ರೆ ಸಿಗುತ್ತದೆ, ಸಾಕಷ್ಟು ನೀರಸವಾಗಿ. ನೀರಸವಾಗಿರುವುದೇ ಒಳ್ಳೆಯದು.

ಹೃದಯಕ್ಕಿಂತ ಅವಳಿಗೆ ಕಾಟ ಕೊಡುವುದು ಮೊಣಗಂಟು. ಮೀನು ಮಾರುವವರು ಕುಳಿತುಕೊಳ್ಳುವುದು ಗಿಡ್ಡ ಮಣೆಯ ಮೇಲೆ. ಗಿರಾಕಿ ಕೊಯ್ದು ಕೊಡಿ ಎಂದರೆ ಮೆಟ್ಟುಕತ್ತಿಯ ಹಲಗೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ನಿಂತ ಅಲಗಿಗೆ ಮೀನನ್ನು ಒತ್ತಿ ಕೊಯ್ಯಬೇಕು. ನಲವತ್ತು ವರ್ಷ ಹಾಗೆ ಮಡಚಿದ ಕಾಲು ಈಗ ಬಿಡಿಸಿಕೊಳ್ಳಲು ಹಟ ಮಾಡುತ್ತದೆ.

ಊಟಿಯಿಂದ ತಂದ ಎರಡು ಎಣ್ಣೆಗಳಲ್ಲಿ ನೀಲಗಿರಿಯದು ನಮಗೆ ಹೊಸದಲ್ಲ. ನೆಗಡಿಯಾದರೆ ಬಿಸಿನೀರಿಗೆ ಎರಡು ಹನಿ ಹಾಕಿ ಹಬೆ ತೆಗೆದುಕೊಳ್ಳುತ್ತೇವೆ. ಇನ್ನೊಂದು, ವಿಂಟರ್‌ಗ್ರೀನ್, ಗುಡ್ಡದ ಮೇಲೆ ಬೆಳೆಯುವ ಒಂದು ಕುರುಚಲು ಗಿಡದ ಎಲೆಯಿಂದ ಇಳಿಸಿದ್ದು ಎಂದು ಅಂಗಡಿಯವನು ಹೇಳಿದ್ದ. ಆಟಗಾರರು ಕಾಲಿಗೆ ಹಚ್ಚಿಕೊಳ್ಳುವ ಮುಲಾಮಿನ ವಾಸನೆ, ಸ್ವಲ್ಪ ಸಿಹಿಯಾಗಿ. ಅಮ್ಮ ಅದಕ್ಕೆ ಊಟಿ ಎಣ್ಣೆ ಎಂದು ಹೆಸರಿಟ್ಟಳು. ಮಾರ್ಕೆಟ್ಟಿನಿಂದ ಬಂದು ಮಿಂದ ಮೇಲೆ ಎರಡೂ ಮೊಣಗಂಟಿಗೆ ತಿಕ್ಕುವಳು. ತಿಕ್ಕಿ ಬಿಟ್ಟಿದ್ದರೆ ಬೇರೆ ಮಾತು. ನಮ್ಮಲ್ಲಿ ಹಾಗೆ ಬಿಡುವ ಕ್ರಮವಿಲ್ಲ. ಲಕ್ಕಿ ಸೊಪ್ಪನ್ನು ಕಾವಲಿಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ತಡೆಯಲಾಗುವಷ್ಟು ಬಿಸಿಯಲ್ಲಿ ಶಾಖ ಕೊಟ್ಟು, ಕೊನೆಗೆ ಹಳೆಯ ಪಂಚೆಯ ತುಂಡಿನಿಂದ ಬಿಗಿಯಾಗಿ ಸುತ್ತಿದರೇ ಮೈಗೆ ಎಣ್ಣೆ ಹಿಡಿಯುವುದು ಎಂದು ಅವಳ ನಂಬಿಕೆ. ಬೆಳಿಗ್ಗೆ ಕಾಲು ಹಗುರವಾಗಿರುತ್ತಿತ್ತು. ಇದು ನನ್ನ ಊಹೆಯಲ್ಲ, ದಿನಚರಿಯಲ್ಲಿದೆ: "ಅಮ್ಮ ಗೋಡೆ ಹಿಡಿಯದೆ ಮೆಟ್ಟಿಲು ಇಳಿದಳು. ಸಂತೋಷ."

ಮಾರ್ಕೆಟ್ಟಿನಲ್ಲಿ ಅಮ್ಮನ ಎಡಬದಿಗೆ ಕೂರುವವಳನ್ನು ನಾನು ಚಿಕ್ಕಿ ಎನ್ನುತ್ತೇನೆ. ರಕ್ತಸಂಬಂಧವಿಲ್ಲ, ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಬೈದುಕೊಂಡ ಸಂಬಂಧ. ನಾಲ್ಕು ಸೀಸೆಯಲ್ಲಿ ಒಂದು ಅವಳ ಪಾಲಾಯಿತು. ಅವಳ ಭುಜದ ನೋವು ವಾರದಲ್ಲಿ ಇಳಿದು, ಊಟಿಗೆ ಮತ್ತೆ ಯಾವಾಗ ಹೋಗುವುದು ಎಂದು ಕೇಳತೊಡಗಿದಳು.

ಎಣ್ಣೆ ಶುರುವಾದ ಮೇಲಿನ ಎರಡನೆಯ ಪರೀಕ್ಷೆಯಲ್ಲಿ ಸಂಖ್ಯೆ ನಾಲ್ಕು ದಾಟಿತು. ತಿಂಗಳು ತಿಂಗಳು ಅಮ್ಮನನ್ನು ನೋಡುವ ಕುಂದಾಪುರದ ಡಾಕ್ಟರಮ್ಮ ಮಾತ್ರೆಯನ್ನು ಸ್ವಲ್ಪ ಕಮ್ಮಿ ಮಾಡಿ, ಎಂದಿನ ಪ್ರಶ್ನೆ ಕೇಳಿದರು.

"ಬೇರೆ ಮದ್ದ್ ಎಂತಾರೂ ತಕಂತ್ರಿಯಾ?"

"ಇಲ್ಲಪ್ಪ. ಇದ್ ಒಂದ್ ನುಂಗಿಯೇ ಸಾಕಾಯ್ತ್," ಎಂದಳು ಅಮ್ಮ.

ನಾನೂ ಪಕ್ಕದಲ್ಲೇ ಕೂತಿದ್ದೆ. ಇಲ್ಲವೆಂದು ತಲೆಯಾಡಿಸಿದೆ. ಆ ಕ್ಷಣ ಎಣ್ಣೆಯ ನೆನಪೇ ಆಗಲಿಲ್ಲ. ನಮ್ಮ ಮನೆಯಲ್ಲಿ ನುಂಗುವುದು ಮಾತ್ರ ಮದ್ದು.

ಡಾಕ್ಟರಮ್ಮನಿಗಾದರೂ ವಾಸನೆಯಿಂದ ಗೊತ್ತಾಗಬಹುದಿತ್ತು. ಆಗದಿರಲು ಅಮ್ಮನ ಮರ್ಯಾದೆ ಕಾರಣ. ಪರೀಕ್ಷೆಯ ದಿನ ಅವಳು ಮಾರ್ಕೆಟ್ಟಿಗೆ ಹೋಗುವುದಿಲ್ಲ. ಹಿಂದಿನ ದಿನವೇ ಎಣ್ಣೆ ನಿಲ್ಲಿಸಿ, ಬೆಳಿಗ್ಗೆ ಎರಡೆರಡು ಸಲ ಸೋಪು ಹಾಕಿ ಮಿಂದು, ಪೆಟ್ಟಿಗೆಯ ಸೀರೆ ಉಟ್ಟು, ಒಂದು ತುಂಡು ಮಲ್ಲಿಗೆ ಮುಡಿದು ಹೊರಡುವಳು. "ಮೀನ್ ಮಾರುವವ್ರ್ ಬಂದ್ರೆ ವಾಸ್ನೆ ಅಂತ ಯಾರೂ ಹೇಳುಕಾಗ," ಎಂದು ನನಗೆ ಚಿಕ್ಕಂದಿನಿಂದ ಕಲಿಸಿದ ಪಾಠ. ನನ್ನ ಕಾನ್ವೊಕೇಶನ್ನಿಗೆ ಬಂದಾಗಲೂ ಅಷ್ಟೇ ಮಿಂದಿದ್ದಳು. ಹೀಗಾಗಿ ಡಾಕ್ಟರ ಎದುರು ಪ್ರತಿ ತಿಂಗಳೂ ಕೂರುತ್ತಿದ್ದದ್ದು ಯಾವ ವಾಸನೆಯೂ ಇಲ್ಲದ ಒಬ್ಬ ಹೆಂಗಸು.

ಸಂಖ್ಯೆ ಏರಿದ್ದಕ್ಕೆ ನಾನು ನನ್ನದೇ ಕಾರಣ ಕಂಡುಕೊಂಡೆ. ಆಪರೇಶನ್ನಿನ ಸಮಯದಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಸೊಪ್ಪಿನ ಬಗ್ಗೆ ಏನೋ ಹೇಳಿದ್ದರು. ಸೊಪ್ಪು ಈ ಮಾತ್ರೆಗೆ ಆಗದು ಎಂದು ನನ್ನ ನೆನಪಿನಲ್ಲಿ ಉಳಿದಿತ್ತು. ಅಮ್ಮ ವಾರಕ್ಕೆರಡು ಸಲವಾದರೂ ಬಸಳೆ ತಿನ್ನುವವಳು. ಹಿತ್ತಿಲಿನಲ್ಲಿ ಚಪ್ಪರವಿದೆ, ಬಸಳೆಗೆ ಚಟ್ಲಿ, ಅಂದರೆ ಸಿಗಡಿ, ಹಾಕಿ ಪದಾರ್ಥ ಮಾಡಿದ ದಿನ ಒಂದು ತುತ್ತು ಹೆಚ್ಚು ಉಣ್ಣುತ್ತಾಳೆ. ನಾನು ಬಸಳೆ ನಿಲ್ಲಿಸಿದೆ. ಹರಿವೆಯನ್ನೂ ನಿಲ್ಲಿಸಿದೆ. ಅಮ್ಮ ಎರಡು ದಿನ ಮುಖ ದಪ್ಪ ಮಾಡಿದಳು, ಆಮೇಲೆ ಒಗ್ಗಿಕೊಂಡಳು. ಮುಂದಿನ ತಿಂಗಳ ಪರೀಕ್ಷೆಗೆ ಇನ್ನೂ ಹತ್ತು ದಿನವಿತ್ತು.

ಒಂದು ಶನಿವಾರ, ಅರ್ಧ ದಿನದ ಶಾಲೆ ಬಿಡುವ ಹೊತ್ತಿಗೆ ಚಿಕ್ಕಿಯ ಫೋನು.

"ಹ್ವಾಯ್, ಗಾಬ್ರಿ ಆಯ್ಬೇಡ. ನಿನ್ನಮ್ಮ ಕೈ ಕೊಯ್ಕಂಡ್ಲ್. ಸಣ್ಣದೇ. ಆರೆ ನೆತ್ರ್ ನಿಲ್ತಿಲ್ಲ."

"ಎಷ್ಟ್ ಹೊತ್ತಾಯ್ತ್?"

"ಒಂದ್ ಬುಟ್ಟಿ ಬಂಗ್ಡಿ ಖಾಲಿ ಆಪಷ್ಟ್ ಹೊತ್ತಾಯ್ತ್. ಬಟ್ಟಿ ಕಟ್ಕಂಡ್ ವ್ಯಾಪಾರ ಮಾಡ್ತಾ ಇದ್ಲ್. ಹೇಳ್ರೆ ಕೇಂತಿಲ್ಲ!"

ಹಿಂದಿನಿಂದ ಅಮ್ಮನ ದನಿ ಕೇಳಿತು: "ಅವ್ಳಿಗೆಂತಕ್ ಫೋನ್ ಮಾಡುದ್ ನೀನ್? ಅವ್ಳ್ ಬಂದ್ರೆ ನೆತ್ರ್ ನಿಲ್ತಾ?"

ಆಟೋದಲ್ಲಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಲು ಚಿಕ್ಕಿಗೆ ಹೇಳಿ, ನಾನು ಬ್ರಹ್ಮಾವರದಿಂದ ಸಿಕ್ಕಿದ ಬಸ್ಸು ಹತ್ತಿದೆ. ಕ್ಲಿನಿಕ್ ಮುಟ್ಟುವಾಗ ಅಮ್ಮ ಬಾಗಿಲಲ್ಲೇ ಜಗಳಕ್ಕೆ ನಿಂತಿದ್ದಳು; ಮನೆಗೆ ಹೋಗಿ ಮಿಂದು ಬರುತ್ತೇನೆ ಎಂದು. ಸೆರಗಿನ ತುಂಬ ಮೀನಿನ ನೀರು, ಕೈಗೆ ಸುತ್ತಿದ ಬಟ್ಟೆಯ ತುಂಬ ರಕ್ತ. ನಾನು ತೋಳು ಹಿಡಿದು ಒಳಗೆ ದೂಡಿದೆ ಎಂದೇ ಹೇಳಬೇಕು.

ಡಾಕ್ಟರಮ್ಮ ಬೆರಳನ್ನು ಒತ್ತಿ ಹಿಡಿದು ಎರಡು ಹೊಲಿಗೆ ಹಾಕಿದರು. ರಕ್ತ ಪರೀಕ್ಷೆಗೆ ಕಳಿಸಿದರು. ತೋಳು ನೋಡಿದರು, ಸೀರೆ ಸ್ವಲ್ಪ ಸರಿಸಿ ಕಾಲು ನೋಡಿದರು. ಅಲ್ಲಲ್ಲಿ ನೀಲಿಗಟ್ಟಿದ ಕಲೆಗಳು. ಅಮ್ಮ ತೋರಿಸಿರಲಿಲ್ಲ, ನಾನೂ ನೋಡಿರಲಿಲ್ಲ. ಆಮೇಲೆ ಅವರು ಮೂಗು ಅರಳಿಸಿದರು.

"ಎಂತದ್ ವಾಸ್ನೆ ಇದ್?"

ಅಮ್ಮ ಕುಗ್ಗಿಹೋದಳು. "ಮಾರ್ಕೆಟ್ಟಿಂದ ಸೀದಾ ಬಂದದ್ ಡಾಕ್ಟ್ರೆ. ಮಿಂದ್ಕಂಡ್ ಬಪ್ಪುಕೆ ಇವ್ಳ್ ಬಿಡ್ಲಿಲ್ಲ."

"ಮೀನ್ ವಾಸ್ನೆ ಅಲ್ಲ ಅಮ್ಮ. ಅದ್ ನಮ್ಮನಿಯಂಗೂ ಇತ್ತ್. ಕಾಲಿಗೆ ಎಂತ ಹಚ್ಚಿದ್ರಿ?"

"ಊಟಿ ಎಣ್ಣಿ."

"ಎಷ್ಟ್ ದಿನ ಆಯ್ತ್?"

"ಇವ್ಳ್ ತಂದ್ ಕೊಟ್ಟ ಲಾಗಾಯ್ತು."

"ನಾ ಪ್ರತಿ ತಿಂಗ್ಳೂ ಕೇಂಡದ್ದಲ್ದಾ, ಬೇರೆ ಮದ್ದ್ ಇತ್ತಾ ಅಂತ?"

ಅಮ್ಮನಿಗೆ ನಿಜವಾಗಿ ಆಶ್ಚರ್ಯ. "ಅದ್ ಮದ್ದಾ? ಅದ್ ಎಣ್ಣಿ ಅಲ್ದಾ!"

ಡಾಕ್ಟರಮ್ಮ ನಗಲಿಲ್ಲ. ನಿಧಾನವಾಗಿ, ಅಮ್ಮನಿಗೇ ವಿವರಿಸಿದರು. ಈ ಎಲೆಯ ಎಣ್ಣೆಯಲ್ಲಿ ಇರುವುದು ಆಸ್ಪಿರಿನ್ ಮಾತ್ರೆಯ ಹತ್ತಿರದ ಬಂಧುವಂಥ ವಸ್ತು. ನೋವು ಇಳಿಯುವುದು ಅದರಿಂದಲೇ, ಅದು ಸುಳ್ಳಲ್ಲ. ಆದರೆ ಅದು ಚರ್ಮದಲ್ಲೇ ಉಳಿಯದೆ ರಕ್ತಕ್ಕೂ ಸೇರುತ್ತದೆ. ಬಿಸಿ ಶಾಖ ಕೊಟ್ಟು ಬಿಗಿಯಾಗಿ ಸುತ್ತಿದರೆ ಇನ್ನೂ ಹೆಚ್ಚು ಸೇರುತ್ತದೆ. ಬೇರೆಯವರಿಗೆ ನಾಲ್ಕು ಹನಿ ಹಚ್ಚಿದರೆ ಏನೂ ಆಗಲಿಕ್ಕಿಲ್ಲ, ಅಮ್ಮನ ಮಾತ್ರೆಯ ಜೊತೆ ಸೇರಿದರೆ ಎರಡೂ ಕೂಡಿ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಪರೀಕ್ಷೆಯ ಚೀಟಿ ಬಂತು: ಐದು ಪಾಯಿಂಟ್ ಎಂಟು. ಅವರು ದೊಡ್ಡ ಆಸ್ಪತ್ರೆಯವರೊಡನೆ ಫೋನಿನಲ್ಲಿ ಮಾತಾಡಿ, ಎರಡು ದಿನ ಮಾತ್ರೆ ನಿಲ್ಲಿಸಲು ಹೇಳಿದರು.

"ಬೆರಳಲ್ಲಿ ಆಯ್ತ್, ಕಣ್ಣಿಗೆ ಕಂಡಿತ್. ತಲಿಯೊಳ್ಗೆ ಆಗಿದ್ರೆ?" ಎಂದರು ನನಗೆ. ಮತ್ತೆ ಅಮ್ಮನಿಗೆ: "ಸಂಖ್ಯೆ ಇಳಿಯುವ ವರೆಗೆ ಮೆಟ್ಟುಕತ್ತಿ ಮುಟ್ಟುಕಾಗ. ಇಳಿಲಿಲ್ಲ ಅಂದ್ರೆ ಮಾರ್ಕೆಟ್ ಬಿಡುದೇ ಒಳ್ಳೇದ್."

ಆಟೋದಲ್ಲಿ ಮನೆಗೆ ಬರುವಾಗ ಅಮ್ಮ ಬೆರಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಮಾರ್ಕೆಟ್ ಬಿಟ್ಟ್ ಮನಿಯಂಗೆ ನಾ ಎಂತ ಮಾಡುದ್? ಗ್ವಾಡಿ ಕಾಂತಾ ಕೂಕಂಬುದಾ?" ಎಂದಳು, ನನ್ನ ಕಡೆ ನೋಡದೆ. ಮಾರ್ಕೆಟ್ ಬಿಡಲಿ ಎಂದು ನಾನೇ ಎಷ್ಟೋ ವರ್ಷಗಳಿಂದ ಮನಸ್ಸಿನೊಳಗೆ ಬಯಸಿದ್ದೆನೇ? ಬಯಸಿರಬಹುದು. ಮೇಷ್ಟರುಗಳ ಮನೆಯ ಮದುವೆಗಳಲ್ಲಿ "ನಿಮ್ಮ ತಾಯಿ ಏನು ಮಾಡುತ್ತಾರೆ" ಎಂದು ಕೇಳಿದಾಗ ಒಂದು ಉಸಿರು ತಡವಾಗಿ ಉತ್ತರ ಕೊಟ್ಟದ್ದು ನೆನಪಿದೆ. ಅಂಥ ನೆನಪನ್ನು ಮಾತ್ರ ಸಂಶಯವಿಲ್ಲದೆ ನಂಬುತ್ತೇನೆ, ಏಕೆಂದರೆ ಅದು ನನಗೆ ಅನುಕೂಲವಾದುದಲ್ಲ.

ಅಂದು ಸಂಜೆ ಏಳು ವರ್ಷ ಹಳೆಯ ದಿನಚರಿ ಹುಡುಕಿ ತೆಗೆದೆ. ಆಸ್ಪತ್ರೆಯಿಂದ ಬಿಡುಗಡೆಯಾದ ದಿನದ ಪುಟದಲ್ಲಿ ಹೀಗಿತ್ತು: "ಸೊಪ್ಪು ಬಿಡಬೇಕೆಂದಿಲ್ಲ. ವಾರದಿಂದ ವಾರಕ್ಕೆ ಒಂದೇ ಸಮ ಇರಲಿ. ಸೊಪ್ಪು ಮಾತ್ರೆಯ ಬಲ ಕಮ್ಮಿ ಮಾಡುತ್ತದೆ. ಒಮ್ಮೆಲೇ ಬಿಟ್ಟರೆ ಬಲ ಏರುತ್ತದೆ." ಎರಡು ಸಲ ಓದಿದೆ. ಏರಿದ ಸಂಖ್ಯೆಯನ್ನು ಇಳಿಸಲೆಂದು ನಾನು ಬಸಳೆ ನಿಲ್ಲಿಸಿ ಅದನ್ನು ಇನ್ನಷ್ಟು ಏರಿಸಿದ್ದೆ. ಎಣ್ಣೆ ತಂದದ್ದೂ ನಾನು, ಸೊಪ್ಪು ತಪ್ಪಿಸಿದ್ದೂ ನಾನು, ಮದ್ದಿಲ್ಲ ಎಂದು ತಲೆಯಾಡಿಸಿದ್ದೂ ನಾನು.

ಅಮ್ಮನಿಗೆ ಹೇಳಿದೆ. ಹೇಳದೆ ಇರಬಹುದಿತ್ತು, ಪುಟ ಓದಲು ಅವಳಿಗೆ ಬರುವುದಿಲ್ಲ. ಅದಕ್ಕೇ ಹೇಳಲೇಬೇಕೆನಿಸಿತು.

ಅವಳು ಹೊಲಿಗೆಯ ಬೆರಳನ್ನು ಮೇಲೆತ್ತಿ ಹಿಡಿದು ಪೂರ್ತಿ ಕೇಳಿದಳು. "ಹಂಗಾರೆ ನನ್ ಬಸ್ಳಿ ತಪ್ಸಿದ್ ಸುಮ್ನೆಯಾ?"

"ಸುಮ್ನೆ ಅಲ್ಲ. ಸುಮ್ನಿಗಿಂತ ಕಷ್ಟ. ಅದ್ರಿಂದ ಜಾಸ್ತಿ ಆಯ್ತ್."

"ಕಾಣ್," ಎಂದಳು ಗೋಡೆಗೆ, ಅಲ್ಲಿ ಯಾರೋ ಇರುವಂತೆ. "ತಪ್ಪ್ ಮಾಡುಕೂ ಎಂ.ಎ. ಮಾಡ್ಕಾಯ್ತ್."

ಆಮೇಲೆ ಇಬ್ಬರೂ ನಕ್ಕೆವು. ಯಾರು ಮೊದಲು ನಕ್ಕದ್ದು ಎಂದು ಬರೆದಿಟ್ಟಿಲ್ಲ.

ಮರುದಿನ ಚಿಕ್ಕಿಯ ಮನೆಗೆ ಹೋದೆ. ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು: ಈ ಎಣ್ಣೆ ಸಿಹಿ ವಾಸನೆಯದು, ಸಣ್ಣ ಮಗು ಒಂದು ಚಮಚ ಕುಡಿದರೂ ಜೀವಕ್ಕೆ ಅಪಾಯ. ಚಿಕ್ಕಿಯ ಮನೆಯಲ್ಲಿ ಮೂರು ವರ್ಷದ ಮೊಮ್ಮಗಳಿದ್ದಾಳೆ.

"ಎಣ್ಣಿ ಎಲ್ಲಿತ್ತ್ ಚಿಕ್ಕಿ?"

"ಅಗಾ, ಅಲ್ಲೇ ಇತ್ತ್. ಮುಚ್ಚಳ ಒಡ್ದ್ ಹೋಯ್ತ್, ಬೇರೆ ಶೀಸಿಗೆ ಹಾಕಿಟ್ಟಿದೆ."

ಕಪಾಟಿನ ಕೆಳಗಿನ ಖಾನೆಯಲ್ಲಿ ಎರಡು ಕೆಮ್ಮಿನ ಸಿರಪ್ಪಿನ ಸೀಸೆಗಳಿದ್ದವು, ಒಂದೇ ಬಣ್ಣ, ಒಂದೇ ಎತ್ತರ. ಒಂದರಲ್ಲಿ ಸಿರಪ್ಪು, ಇನ್ನೊಂದರಲ್ಲಿ ಎಣ್ಣೆ. ನಾನು ಎರಡರ ಮುಚ್ಚಳ ತೆಗೆದು ಚಿಕ್ಕಿಯ ಮೂಗಿಗೆ ಹಿಡಿದೆ. ವಿಷಯ ಹೇಳಿದೆ. ಅವಳು ಎರಡೂ ಸೀಸೆಗಳನ್ನು ನನ್ನ ಕೈಯಿಂದ ಕಸಿದು ಕಪಾಟಿನ ತುದಿಗೆ ಇಟ್ಟಳು.

ಎಣ್ಣೆಯನ್ನು ಚೆಲ್ಲೋಣವೆಂದೆ. ಚಿಕ್ಕಿ ಒಪ್ಪಲಿಲ್ಲ. ಅವಳು ರಕ್ತದ ಮಾತ್ರೆ ನುಂಗುವವಳಲ್ಲ. ಭುಜಕ್ಕೆ ಅದರಿಂದ ಗುಣವಾದದ್ದೂ ನಿಜ. ಕೊನೆಗೆ ಬೇರೆ ಆಕಾರದ ಸೀಸೆಗೆ ಸುರಿದು, ಮೇಲೆ ಕೆಂಪು ಬಟ್ಟೆ ಕಟ್ಟಿ, ಮಾಡಿನ ಅಡ್ಡತೊಲೆಯ ಮೇಲೆ ಇಟ್ಟೆವು. ಡಾಕ್ಟರಮ್ಮ ಹೇಳಿದಂತೆ, ತೆಂಗಿನೆಣ್ಣೆಗೆ ಕೆಲವೇ ಹನಿ ಬೆರೆಸಿ ಹಚ್ಚುವುದು, ಗಾಯವಿದ್ದಲ್ಲಿ ಹಚ್ಚದಿರುವುದು, ಶಾಖ ಕೊಡದಿರುವುದು ಎಂದು ಮಾತಾಯಿತು. ನಮ್ಮ ಮನೆಯಲ್ಲಿ ಉಳಿದದ್ದನ್ನು ನಾನು ಹಿತ್ತಿಲಿನಲ್ಲಿ ಹುಗಿದೆ. ನೀಲಗಿರಿಯದು ಇದೆ, ಹಬೆಗೆ, ಹೆಸರು ಬರೆದ ಚೀಟಿಯೊಂದಿಗೆ. ಅದೂ ಹೊಟ್ಟೆಗೆ ಹೋದರೆ ಮಕ್ಕಳಿಗೆ ಅಪಾಯವಂತೆ.

ಮುಂದಿನ ವಾರಗಳಲ್ಲಿ ಅಮ್ಮ ಮನೆಯಲ್ಲಿ ಇದ್ದಳು. ಬಸಳೆ ಮತ್ತೆ ಶುರುವಾಯಿತು. ಮೊಣಗಂಟು ಮತ್ತೆ ಹಿಡಿಯಿತು. ಬರೀ ತೆಂಗಿನೆಣ್ಣೆ ಹಚ್ಚಿ ಲಕ್ಕಿ ಸೊಪ್ಪಿನ ಶಾಖ ಕೊಡಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. "ಅದ್ರಷ್ಟ್ ಹಿಡಿತಿಲ್ಲ," ಎಂದು ಅಮ್ಮ ಪ್ರತಿದಿನ ಹೇಳಿದಳು, ಪ್ರತಿದಿನ ಮಾಡಿಸಿಕೊಂಡಳು. ಕಾಲು ನೀಡಿ ಮೇಲೆತ್ತಿ ಹತ್ತು ಎಣಿಸುವ ವ್ಯಾಯಾಮವನ್ನು ಯಾರೂ ನೋಡದಂತೆ ಬಾಗಿಲು ಹಾಕಿಕೊಂಡು ಮಾಡುತ್ತಿದ್ದಳು. ಚಿಕ್ಕಿಯ ಫೋನು ಬಂದಾಗಲೆಲ್ಲ ಒಂದೇ ಪ್ರಶ್ನೆ, ಜಾಗದಲ್ಲಿ ಯಾರಿದ್ದಾರೆ. ಹತ್ತನೆಯ ದಿನ ಗಂಗೊಳ್ಳಿ ಕಡೆಯ ಒಬ್ಬಳು ಬುಟ್ಟಿ ತಂದಿಟ್ಟಳಂತೆ. ಚಿಕ್ಕಿ ತನ್ನ ಐಸಿನ ಪೆಟ್ಟಿಗೆಯನ್ನು ಅಮ್ಮನ ಜಾಗಕ್ಕೆ ಎಳೆದು, ಅದರ ಮೇಲೆ ತಾನೇ ಅರ್ಧ ಕೂತು ವ್ಯಾಪಾರ ಮಾಡಿದಳು. "ಎರಡ್ ಜಾಗದಂಗೆ ಒಬ್ಳೇ ಕೂಕಂಬುದ್ ಅಂದ್ರೆ ಸುಲಭ ಅಲ್ಲ ಮಾರಾಯ್ತಿ. ಬೇಗ ಬಾ, ಸೊಂಟ ಹೋಯ್ತ್!"

ಸಂಖ್ಯೆ ಒಂದು ವಾರದಲ್ಲಿ ನಾಲ್ಕಕ್ಕೆ ಬಂತು. ಮೂರನೆಯ ವಾರ ಮೂರು ಪಾಯಿಂಟ್ ಒಂದು. ಎಣ್ಣೆ ನಿಲ್ಲಿಸಿದ್ದರಿಂದಲೋ, ಬಸಳೆ ಬಂದದ್ದರಿಂದಲೋ, ಮಾತ್ರೆ ಹೊಂದಿಸಿದ್ದರಿಂದಲೋ ಎಂದು ಡಾಕ್ಟರಮ್ಮನನ್ನು ಕೇಳಿದೆ. ಮೂರೂ ಒಟ್ಟಿಗೆ ಆದದ್ದರಿಂದ ಯಾವುದರ ಪಾಲು ಎಷ್ಟೆಂದು ಹೇಳಲಾಗದು ಎಂದರು. ನನಗೆ ಒಂದೇ ಕಾರಣ ಬೇಕಿತ್ತು, ಪಾಠದ ಕೊನೆಯ ಪ್ರಶ್ನೆಗೆ ಬೇಕಾದಂತೆ. ಅಮ್ಮನಿಗೆ ಬೇಕಾದದ್ದು ಬೇರೆ.

"ನಾಳಿಂದ ಹೋಪುಕಕ್ಕಾ ಡಾಕ್ಟ್ರೆ?"

ಹೋಗಬಹುದು ಎಂದರು, ಎರಡು ಷರತ್ತಿನ ಮೇಲೆ. ಗಿಡ್ಡ ಮಣೆ ಬೇಡ, ಮೆಟ್ಟುಕತ್ತಿ ಬೇಡ. ಮೆಟ್ಟುಕತ್ತಿ ಇಲ್ಲದೆ ಮೀನು ಮಾರುವುದು ಹೇಗೆ ಎಂದು ಅಮ್ಮ ಒಂದು ರಾತ್ರಿ ಯೋಚಿಸಿದಳು. ಬೆಳಿಗ್ಗೆ ಚಿಕ್ಕಿಗೆ ಫೋನು ಮಾಡಿ ತೀರ್ಮಾನ ಹೇಳಿದಳು: ಆರಿಸುವುದು, ಮಾರುವುದು, ಗಿರಾಕಿಯ ಜೊತೆ ಚೌಕಾಸಿ ಎಲ್ಲ ತನ್ನದು, ಎರಡೂ ಬುಟ್ಟಿಯದು, ಕೊಯ್ಯುವುದೆಲ್ಲ ಚಿಕ್ಕಿಯದು. ಬೈಂದೂರಿನಲ್ಲಿ ಕೆಲಸ ಮಾಡುವ ನನ್ನ ಗಂಡ ಅಲ್ಲಿಯ ಬಡಗಿಯಿಂದ ಅಗಲ ಕಾಲಿನ ಒಂದು ಮರದ ಸ್ಟೂಲು ಮಾಡಿಸಿ ತಂದ. ಒದ್ದೆ ನೆಲದಲ್ಲಿ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ.

ಮೊದಲ ಶನಿವಾರ ಶಾಲೆ ಮುಗಿಸಿ ನೇರ ಮಾರ್ಕೆಟ್ಟಿಗೆ ಹೋದೆ. ಎಲ್ಲರೂ ನೆಲಕ್ಕೆ ಹತ್ತಿರ ಕೂತಿರುವಾಗ ಅಮ್ಮ ಒಬ್ಬಳೇ ಎತ್ತರದಲ್ಲಿ, ಕಾಲು ನೀಡಿ.

"ಕಾಣಿ, ಪಂಚಾಯ್ತ್ ಅಧ್ಯಕ್ಷರ್ ಬಂದಿರ್," ಎಂದು ಚಿಕ್ಕಿ ಒಬ್ಬ ಗಿರಾಕಿಗೆ ಹೇಳುತ್ತಿದ್ದಳು. "ಅರ್ಜಿ ಇದ್ರೆ ಕೊಡಿ."

"ನೀ ಮಾತ್ ಕಮ್ಮಿ ಮಾಡಿ ನಂಗ್ ಮೀನಿನ ಚರ್ಮ ಸರಿ ತೆಗಿ," ಎಂದಳು ಅಮ್ಮ, ಮೇಲಿನಿಂದ. ಆಮೇಲೆ ಗಿರಾಕಿಯತ್ತ ತಿರುಗಿ ಕಿವಿರು ಎತ್ತಿ ತೋರಿಸಿದಳು. "ಬೆಳಿಗ್ಗೆ ಬಂದದ್ದೇ ಅಕ್ಕ. ಕೆಂಪು ಕಾಣಿ."

ನಾನು ನೋಡುತ್ತ ನಿಂತೆ. ಬೆರಳಿನ ಗುರುತು ಮಾಸಿತ್ತು. ತೋಳಿನಲ್ಲಿ ಕಲೆಗಳಿರಲಿಲ್ಲ, ಈ ಸಲ ಸರಿಯಾಗಿ ನೋಡಿದೆ. ಕಾಲು ನೋಯುತ್ತಿದೆಯೇ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮನ ಕಣ್ಣು ನನ್ನ ಮೇಲೆ ಬಿತ್ತು.

"ಹ್ವಾಯ್ ಟೀಚರ್ರೆ, ಬದಿಗ್ ನಿಲ್ಲಿ. ಹಿಂದಿದ್ದವ್ರಿಗೆ ಮೀನ್ ಕಾಂತಿಲ್ಲ."

ನಾನು ಬದಿಗೆ ಸರಿದೆ.